ಪರ್ಯಾಪ್ತಹೇತುನಿಯಮ ಮತ್ತು ಲೈಬ್‌ನಿಟ್ಸ್–ಕ್ಲಾರ್ಕ್ ಪತ್ರವಾದ

ಯಾವ ವಸ್ತುವೇ ಇರಲಿ, ಯಾವ ಘಟನೆಯೇ ನಡೆಯಲಿ, ಅದು ಹಾಗಿರುವುದಕ್ಕೂ ಬೇರೊಂದು ಪ್ರಕಾರವಾಗಿ ಇಲ್ಲದಿರುವುದಕ್ಕೂ ಸಾಕಾದಷ್ಟು ಹೇತುವಿದ್ದೇ ತೀರಬೇಕೆಂಬ ನಿಯಮವನ್ನು ದರ್ಶನಚರಿತ್ರಕಾರರು ಜರ್ಮನಿಯ ಲೈಬ್‌ನಿಟ್ಸನ (1646–1716) ಹೆಸರಿಗೆ ಸೇರಿಸಿ ಹೇಳುವುದು ವಾಡಿಕೆ. ಅದಕ್ಕೆ ನಾಮಕರಣಮಾಡಿ ಅಗ್ರಪೀಠವನ್ನು ಕೊಟ್ಟವನು ಅವನೆಂಬುದು ದಿಟವೇ; ಆದರೆ ಆ ಬಗೆಯ ತರ್ಕ ಅವನಿಗಿಂತ ಎರಡು ಸಾವಿರ ವರ್ಷಗಳಿಗೂ ಹಿಂದಿನದು. ಮೈಲೀಟಸ್ ಪಟ್ಟಣದ ಅನಾಕ್ಸಿಮ್ಯಾಂಡರನು, ಭೂಮಿಯು ಎಲ್ಲ ದಿಕ್ಕುಗಳಿಗೂ ಸಮನಾಗಿ ನಡುವೆ ಇರುವುದರಿಂದ ಈ ಕಡೆಗೇ ಚಲಿಸಲು ಹೇತುವಿಲ್ಲದೆ ನಿಂತಲ್ಲಿಯೇ ನಿಂತಿದೆಯೆಂದು ಹೇಳಿದನೆಂಬುದನ್ನು ಅರಿಸ್ಟಾಟಲನು ದಾಖಲಿಸಿದ್ದಾನೆ. ಪಾರ್ಮೆನಿಡೀಸನು, ಸತ್ತು ಅಸತ್ತಿನಿಂದ ಹುಟ್ಟಿತೆನ್ನುವುದಾದರೆ ಮುಂಚೆಯೇ ಹುಟ್ಟದೆ ಆಮೇಲೆ ಹುಟ್ಟುವಂತೆ ಅದನ್ನು ಪ್ರೇರಿಸಿದುದು ಯಾವುದೆಂದು ಕೇಳಿ ಉತ್ಪತ್ತಿಯನ್ನೇ ಅಲ್ಲಗಳೆದನು. ಇವರಿಬ್ಬರೂ ಕೇಳುತ್ತಿರುವುದು ಇದನ್ನು ಹುಟ್ಟಿಸಿದವರಾರೆಂದಲ್ಲ, ಸಮಾನವಾದ ಎರಡು ಸಾಧ್ಯತೆಗಳಲ್ಲಿ ಅದಾಗದೆ ಇದೇ ಏಕಾಯಿತೆಂದು. ಈ ನಿಯಮದ ಬಲವೂ ದೌರ್ಬಲ್ಯವೂ ಹೊರಬೀಳುವುದು ಇಂಥ ಸಮಸ್ಥಿತಿಯ ಎಡೆಯಲ್ಲಿಯೇ ಎಂಬುದು ಈ ಲೇಖನದ ಪ್ರತಿಪಾದ್ಯ.

ನಮ್ಮ ಶಾಸ್ತ್ರಗಳಲ್ಲಿಯೂ ಪ್ರಶ್ನೆಯ ಆಕಾರ ಇದೇ. ಮುಳ್ಳಿನ ಮೊನೆಯನ್ನು ಯಾರೂ ಚೂಪುಮಾಡಿಲ್ಲವಾದ್ದರಿಂದ ಪದಾರ್ಥಗಳು ನಿಮಿತ್ತವಿಲ್ಲದೆಯೇ ಹುಟ್ಟುತ್ತವೆಂಬ ಪೂರ್ವಪಕ್ಷವನ್ನು ನ್ಯಾಯಸೂತ್ರದ ನಾಲ್ಕನೆಯ ಅಧ್ಯಾಯ ಎತ್ತಿಕೊಂಡು ಖಂಡಿಸುತ್ತದೆ. ಅನ್ಯಾಪೇಕ್ಷೆಯಿಲ್ಲದ ವಸ್ತು ಸದಾ ಇರಬೇಕು, ಇಲ್ಲವೆ ಎಂದೂ ಇರಕೂಡದು. ಒಮ್ಮೆ ಇದ್ದು ಒಮ್ಮೆ ಇಲ್ಲವಾಗುವ ಕಾದಾಚಿತ್ಕತ್ವವೇ ಹೇತುವಿಗೆ ಸಾಕ್ಷಿ ಎಂದು ಬೌದ್ಧನಾದ ಧರ್ಮಕೀರ್ತಿ ವಾದಿಸಿದನು. ಅದೇ ಯುಕ್ತಿಯನ್ನು ಕೆಲವು ಶತಮಾನಗಳ ತರುವಾಯ ಮಿಥಿಲೆಯ ಉದಯನಾಚಾರ್ಯನು ನ್ಯಾಯಕುಸುಮಾಂಜಲಿಯ ಮೊದಲನೆಯ ಸ್ತಬಕದಲ್ಲಿ ಬಳಸಿಕೊಂಡು, ಧರ್ಮಕೀರ್ತಿ ನಿರಾಕರಿಸಿದ್ದ ಈಶ್ವರನ ಸಿದ್ಧಿಗೆ ಅದನ್ನೇ ಮೆಟ್ಟಿಲಾಗಿ ಮಾಡಿದನು! ಗ್ರೀಸಿಗೂ ಇಲ್ಲಿಗೂ ಎರವಲಿನ ಸಂಬಂಧವನ್ನು ಕಲ್ಪಿಸಬೇಕಾದ ಅಗತ್ಯವಿಲ್ಲ. ಸಮಸ್ಯೆ ಒಂದೇ ಆದುದರಿಂದ ಯುಕ್ತಿಯೂ ಒಂದೇ ಆಯಿತು.

ಲೈಬ್‌ನಿಟ್ಸನು 1714ರಲ್ಲಿ ಬರೆದ ಮೊನಡಾಲಜಿಯಲ್ಲಿ ವಿರೋಧನಿಯಮದೊಡನೆ ಇದನ್ನೂ ಇಟ್ಟು, ನಮ್ಮ ವಿಚಾರಗಳೆಲ್ಲ ಈ ಎರಡರ ಮೇಲೆ ನಿಂತಿವೆಯೆಂದನು. ಅದರ ನಿಜವಾದ ಪರೀಕ್ಷೆ ನಡೆದುದು ಮಾತ್ರ ಮರುವರ್ಷ. ಇಂಗ್ಲೆಂಡಿನಲ್ಲಿ ಸಹಜಧರ್ಮ ಕ್ಷೀಣಿಸುತ್ತಿದೆಯೆಂದು ಅವನು ವೇಲ್ಸಿನ ರಾಜಕುಮಾರಿ ಕ್ಯಾರೊಲಿನಳಿಗೆ ಬರೆದ ಪತ್ರಕ್ಕೆ ನ್ಯೂಟನ್ನನ ಮಿತ್ರನಾದ ಸ್ಯಾಮ್ಯುಯೆಲ್ ಕ್ಲಾರ್ಕನು ಉತ್ತರವಿತ್ತನು. ಒಬ್ಬೊಬ್ಬರದು ಐದೈದು ಪತ್ರಗಳಾದುವು. ಸಮಭಾರದ ತಟ್ಟೆಗಳುಳ್ಳ ತಕ್ಕಡಿ ಯಾವ ಕಡೆಗೂ ವಾಲದೆಂಬ ಆರ್ಕಿಮಿಡೀಸನ ನಿದರ್ಶನವನ್ನು ಲೈಬ್‌ನಿಟ್ಸನು ಮುಂದಿಟ್ಟರೆ, ಕ್ಲಾರ್ಕನು ನಿಯಮವನ್ನು ಒಪ್ಪಿಕೊಂಡೇ ಅದರ ಮೊನೆಯನ್ನು ಮುರಿದನು: ಹೇತು ಬೇಕು ನಿಜ, ಆದರೆ ಅನೇಕವೇಳೆ ಈಶ್ವರನ ಕೇವಲ ಇಚ್ಛೆಯೇ ಆ ಹೇತು, ತಕ್ಕಡಿ ಜಡ, ಕರ್ತೃ ಜಡನಲ್ಲ. ಪ್ರೇರಣೆಯಿಲ್ಲದ ಇಚ್ಛೆ ಯದೃಚ್ಛೆಗೆ ಸಮಾನವೆಂದು ಲೈಬ್‌ನಿಟ್ಸನ ಪ್ರತ್ಯುತ್ತರ. ಆಕಾಶವು ವಸ್ತುಗಳಿಂದ ಸ್ವತಂತ್ರವಾಗಿ ಇರುವುದಾದರೆ ಅದರ ಎಡೆಗಳೆಲ್ಲ ಏಕರೂಪವಾಗಿರುತ್ತವೆ. ಆಗ ಪೂರ್ವಪಶ್ಚಿಮಗಳನ್ನು ಅದಲುಬದಲು ಮಾಡದೆ ಜಗತ್ತನ್ನು ಹೀಗೆಯೇ ಇಡಲು ಈಶ್ವರನಿಗೂ ಹೇತುವಿರದು. ಆದುದರಿಂದ ಆಕಾಶವೆಂಬುದು ವಸ್ತುಗಳ ಪರಸ್ಪರ ಕ್ರಮವೇ ಹೊರತು ಬೇರೆಯಲ್ಲ ಎಂದು ಅವನು ಸಾಧಿಸಿದ ವಾದ, ಒಂದು ಶುಷ್ಕನಿಯಮದಿಂದ ಭೌತಶಾಸ್ತ್ರದ ಸಿದ್ಧಾಂತವನ್ನೇ ಹೊರಡಿಸಿದ ಅಪೂರ್ವ ಸಾಹಸವೆಂದು ನನಗೆ ತೋರುತ್ತದೆ.

ಸರ್ವಥಾ ಸಮಾನವಾದ ಎರಡು ವಸ್ತುಗಳು ಲೋಕದಲ್ಲಿಲ್ಲವೆಂಬುದಕ್ಕೆ ಅವನು ಕೊಟ್ಟ ನಿದರ್ಶನ ಅಷ್ಟು ಘನವಾದುದಲ್ಲ. ಹೆರೆನ್‌ಹೌಸೆನ್ ಉದ್ಯಾನದಲ್ಲಿ ರಾಜಕುಮಾರಿ ಸೋಫಿಯಳ ಸಮ್ಮುಖದಲ್ಲಿ ಒಬ್ಬ ಮಹನೀಯನು ಸರಿಜೋಡಿಯ ಎರಡು ಎಲೆಗಳಿಗಾಗಿ ತೋಟವೆಲ್ಲ ಅಲೆದು ಸೋತನಂತೆ. ಸಿಕ್ಕದ ಎಲೆಯಿಂದ ಇಲ್ಲದ ಎಲೆ ಸಿದ್ಧವಾಗುವುದು ಯಾವ ಪ್ರಮಾಣದಿಂದ?

ಕ್ಲಾರ್ಕನ ಇಚ್ಛಾವಾದ ವೇದಾಂತಿಗಳಿಗೆ ಲೀಲಾಸೂತ್ರವನ್ನು ನೆನಪಿಗೆ ತಂದೀತು. ಆದರೆ ಸೃಷ್ಟಿಯನ್ನು ಲೀಲೆಯೆಂದ ಬಾದರಾಯಣನೂ ಜೀವರ ಸುಖದುಃಖಗಳ ವೈಷಮ್ಯವನ್ನು ಕುರಿತ ಆಕ್ಷೇಪ ಬಂದೊಡನೆ ಈಶ್ವರನು ಸಾಪೇಕ್ಷನೆಂದೇ ಸಮಾಧಾನ ಹೇಳಿದ್ದಾನೆ. ಆ ಮಟ್ಟಿಗೆ ಅವನು ಲೈಬ್‌ನಿಟ್ಸನ ಪಕ್ಷದವನು.

ಮುಂದಿನ ಇತಿಹಾಸ ಹೆಚ್ಚಾಗಿ ನಿಯಮವನ್ನು ಮೊಟಕುಗೊಳಿಸಿದ ಕಥೆ. ಕಾರಣವಿಲ್ಲದ ಆರಂಭವನ್ನು ಕಲ್ಪಿಸಿಕೊಳ್ಳುವುದರಲ್ಲಿ ವ್ಯಾಘಾತವಿಲ್ಲವೆಂದು 1739ರಲ್ಲಿ ಹ್ಯೂಮನು ತೋರಿಸಿದನು. 1813ರಲ್ಲಿ ಷೋಪೆನ್‌ಹೌವರನು ಅದರ ಮೂಲವನ್ನು ನಾಲ್ಕಾಗಿ ವಿಭಜಿಸಿದನು. ಆದರೆ ಮರ್ಮಕ್ಕೆ ತಗಲಿದ ಆಕ್ಷೇಪ ಕ್ಲಾರ್ಕನದೇ: ಕೇವಲೇಚ್ಛೆ ಹೇತುವಲ್ಲವೆನ್ನುವುದು ಸಾಧಿಸಬೇಕಾದುದನ್ನು ಸಿದ್ಧವೆಂದು ಹಿಡಿದಂತೆ. ನಿಯಮಕ್ಕೆ ವಿರುದ್ಧವಾದ ಒಂದು ಉದಾಹರಣೆಯನ್ನಾದರೂ ತನ್ನಿರೆಂದು ಲೈಬ್‌ನಿಟ್ಸನು ಹಾಕಿದ ಸವಾಲು ಪ್ರತಿವಾದಿಯ ಬಾಯಿ ಕಟ್ಟಬಹುದಾದರೂ ನಿಯಮವನ್ನು ಸ್ಥಾಪಿಸಲಾರದು. ಕ್ಲಾರ್ಕನ ಐದನೆಯ ಪತ್ರಕ್ಕೆ ಉತ್ತರ ಬರಲಿಲ್ಲ. ಲೈಬ್‌ನಿಟ್ಸನು 1716ರ ನವೆಂಬರ್ 14ರಂದು ಹ್ಯಾನೋವರಿನಲ್ಲಿ ತೀರಿಕೊಂಡನು. ಪತ್ರಗಳೆಲ್ಲವನ್ನೂ ಮರುವರ್ಷ ಲಂಡನ್ನಿನಲ್ಲಿ ಅಚ್ಚುಹಾಕಿಸಿದವನು ಕ್ಲಾರ್ಕನೇ.