ಮಾಸ್ಟರ್ ಆಫ್ ಪಪೆಟ್ಸ್: ಒಂದು ಮೆಟಲ್ ಆಲ್ಬಮ್ಮಿನ ಧ್ವನಿಮುದ್ರಣ

ಮಾಸ್ಟರ್ ಆಫ್ ಪಪೆಟ್ಸ್ ಅಮೆರಿಕದ ಮೆಟಲ್ ತಂಡ ಮೆಟಾಲಿಕಾದ ಮೂರನೆಯ ಆಲ್ಬಮ್. 1985ರ ಸೆಪ್ಟೆಂಬರಿನಿಂದ ಡಿಸೆಂಬರ್ ಕೊನೆಯವರೆಗೆ ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿದ್ದ ಸ್ವೀಟ್ ಸೈಲೆನ್ಸ್ ಸ್ಟುಡಿಯೋದಲ್ಲಿ ಇದರ ಧ್ವನಿಮುದ್ರಣ ನಡೆಯಿತು. 1986ರ ಜನವರಿಯಲ್ಲಿ ಲಾಸ್ ಏಂಜಲೀಸಿನಲ್ಲಿ ಮಿಕ್ಸಿಂಗ್ ಆಗಿ, ಮಾರ್ಚ್ 3ರಂದು ಎಲೆಕ್ಟ್ರಾ ಕಂಪನಿಯ ಮೂಲಕ ಬಿಡುಗಡೆಯಾಯಿತು. ಎಂಟು ಹಾಡುಗಳು, ಸುಮಾರು 55 ನಿಮಿಷಗಳ ಸಂಗೀತ. ತಂಡದವರು ಮತ್ತು ಡೆನ್ಮಾರ್ಕಿನ ಸೌಂಡ್ ಇಂಜಿನಿಯರ್ ಫ್ಲೆಮಿಂಗ್ ರಾಸ್‌ಮುಸನ್ ಜೊತೆಯಾಗಿ ಇದರ ನಿರ್ಮಾಪಕರು. ಮೆಟಲ್ ಎಂದರೆ ಬರೀ ಗದ್ದಲ, ಅದನ್ನು ಮುದ್ರಿಸಲು ದೊಡ್ಡ ಕೌಶಲವೇನೂ ಬೇಡ ಎಂಬ ತಿಳಿವಳಿಕೆ ಹಲವರಲ್ಲಿದೆ. ಅದು ಎಷ್ಟು ತಪ್ಪೆಂಬುದನ್ನು ಈ ಆಲ್ಬಮ್ಮಿನಷ್ಟು ಸ್ಪಷ್ಟವಾಗಿ ತೋರಿಸುವ ಕೃತಿ ಇನ್ನೊಂದಿಲ್ಲ. ಕೇಳುಗರ ಎದೆಗೆ ಬಡಿಯುವ ಆ ಭಾರ ಹುಟ್ಟಿದ್ದು ನುಡಿಸುವ ಕೈಗಳ ನಿಖರತೆಯಿಂದ, ಆ ನಿಖರತೆಗಾಗಿ ಸ್ಟುಡಿಯೋದಲ್ಲಿ ವ್ಯಯಿಸಿದ ಸಮಯದಿಂದ.

ಹಿನ್ನೆಲೆ

ಮೆಟಲ್ ಸಂಗೀತದ ಮೊದಲ ಆಲ್ಬಮ್ ಎಂದು ಹೆಚ್ಚಿನವರು ಗುರುತಿಸುವ ಬ್ಲ್ಯಾಕ್ ಸಬ್ಬತ್ ತಂಡದ ಚೊಚ್ಚಲ ಕೃತಿಯನ್ನು 1969ರ ಅಕ್ಟೋಬರಿನಲ್ಲಿ ಲಂಡನ್ನಿನ ರೀಜೆಂಟ್ ಸೌಂಡ್ ಸ್ಟುಡಿಯೋದಲ್ಲಿ ಒಂದೇ ದಿನದಲ್ಲಿ ಮುದ್ರಿಸಲಾಗಿತ್ತು. ವೇದಿಕೆಯಲ್ಲಿ ನುಡಿಸಿದಂತೆಯೇ ಸ್ಟುಡಿಯೋದಲ್ಲೂ ನುಡಿಸಿ ಎದ್ದು ಬರುವುದು ಅಂದಿನ ಪದ್ಧತಿ. ಹದಿನೈದು ವರ್ಷಗಳಲ್ಲಿ ಸಂಗೀತದ ವೇಗವೂ ಹಾಡುಗಳ ಉದ್ದವೂ ಬೆಳೆದವು, ಆ ಪದ್ಧತಿ ಸಾಲದಾಯಿತು. 1981ರಲ್ಲಿ ಲಾಸ್ ಏಂಜಲೀಸಿನಲ್ಲಿ ಹುಟ್ಟಿದ ಮೆಟಾಲಿಕಾ, ತನ್ನ ಮೊದಲ ಆಲ್ಬಮ್ ಕಿಲ್ ಎಮ್ ಆಲ್ ಅನ್ನು 1983ರಲ್ಲಿ ನ್ಯೂಯಾರ್ಕ್ ರಾಜ್ಯದ ರೋಚೆಸ್ಟರಿನಲ್ಲಿ ಅವಸರದಲ್ಲಿ ಮುಗಿಸಿತು. ಅದರ ನಾದ ತಂಡದವರಿಗೆ ಹಿಡಿಸಲಿಲ್ಲ.

ಎರಡನೆಯ ಆಲ್ಬಮ್ಮಿಗೆ ಕೋಪನ್‌ಹೇಗನ್ನನ್ನು ಆರಿಸಿಕೊಳ್ಳಲು ಕಾರಣ ಒಂದು ಎಲ್.ಪಿ. ತಟ್ಟೆ. ರಿಚಿ ಬ್ಲ್ಯಾಕ್‌ಮೋರ್ ಅವರ ರೇನ್‌ಬೋ ತಂಡ 1981ರಲ್ಲಿ ಹೊರತಂದ ಡಿಫಿಕಲ್ಟ್ ಟು ಕ್ಯೂರ್ ಸ್ವೀಟ್ ಸೈಲೆನ್ಸ್‌ನಲ್ಲಿ ಮುದ್ರಣಗೊಂಡಿತ್ತು, ಅದರ ನಾದ ಡ್ರಮ್ಸ್ ವಾದಕ ಲಾರ್ಸ್ ಉಲ್ರಿಕ್‌ಗೆ ಇಷ್ಟವಾಗಿತ್ತು. ಉಲ್ರಿಕ್ ಹುಟ್ಟಿದ್ದೂ ಡೆನ್ಮಾರ್ಕಿನಲ್ಲೇ. 1984ರ ಆರಂಭದಲ್ಲಿ ಬಾಸ್ಟನ್ನಿನಲ್ಲಿ ತಂಡದ ವಾದ್ಯಸಾಮಗ್ರಿ ಕಳವಾಯಿತು, ಗಾಯಕ ಹಾಗೂ ಗಿಟಾರ್ ವಾದಕ ಜೇಮ್ಸ್ ಹೆಟ್‌ಫೀಲ್ಡ್ ನೆಚ್ಚಿಕೊಂಡಿದ್ದ ಮಾರ್ಷಲ್ ಆಂಪ್ ಕೂಡ ಅದರಲ್ಲಿ ಹೋಯಿತು. ಕೋಪನ್‌ಹೇಗನ್ನಿಗೆ ಬಂದಿಳಿದ ಮೇಲೆ ರಾಸ್‌ಮುಸನ್ ಜೊತೆ ಕುಳಿತು ಗಿಟಾರಿನ ನಾದವನ್ನು ಮೊದಲಿನಿಂದ ಹುಡುಕಬೇಕಾಯಿತು. ಹಾಗೆ ರೂಪುಗೊಂಡ ರೈಡ್ ದ ಲೈಟ್ನಿಂಗ್ ಯಶಸ್ವಿಯಾದ್ದರಿಂದ ಮೂರನೆಯ ಆಲ್ಬಮ್ಮಿಗೂ ಅದೇ ಸ್ಟುಡಿಯೋ, ಅದೇ ಇಂಜಿನಿಯರ್. ಈ ಬಾರಿ ಎಲೆಕ್ಟ್ರಾದಂಥ ದೊಡ್ಡ ಕಂಪನಿಯ ಹಣ ಬೆನ್ನಿಗಿತ್ತು, ಹಾಗಾಗಿ ನಾಲ್ಕು ತಿಂಗಳು ಕೆಲಸ ಮಾಡಲು ಸಾಧ್ಯವಾಯಿತು.

ಸ್ಟುಡಿಯೋಗೆ ಮುನ್ನ

ಆ ನಾಲ್ಕು ತಿಂಗಳು ಹಾಡು ಬರೆಯಲು ಖರ್ಚಾಗಲಿಲ್ಲ ಎಂಬುದು ಮುಖ್ಯ. 1985ರ ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾದ ಎಲ್ ಸೆರಿಟೊದಲ್ಲಿದ್ದ ತಂಡದ ಮನೆಯ ಗ್ಯಾರೇಜಿನಲ್ಲಿ ಬಹುಪಾಲು ಹಾಡುಗಳು ಸಿದ್ಧವಾಗಿ, ಡೆಮೊ ಟೇಪುಗಳೂ ತಯಾರಾಗಿದ್ದವು. ಉಲ್ರಿಕ್ ಈ ಅವಧಿಯಲ್ಲಿ ಡ್ರಮ್ಸ್ ಪಾಠ ಹೇಳಿಸಿಕೊಂಡರು. ಲೀಡ್ ಗಿಟಾರ್ ವಾದಕ ಕರ್ಕ್ ಹ್ಯಾಮೆಟ್, ಮುಂದೆ ತಾವೇ ಹೆಸರಾಂತ ವಾದಕರಾದ ಜೋ ಸಾಟ್ರಿಯಾನಿ ಅವರ ಬಳಿ ತರಬೇತಿ ಪಡೆದರು. ಆಗಲೇ ಎರಡು ಆಲ್ಬಮ್ ಹೊರತಂದಿದ್ದ ವಾದಕರು ಮತ್ತೆ ಶಿಷ್ಯರಾಗಿ ಕುಳಿತದ್ದು ಸಣ್ಣ ಸಂಗತಿಯಲ್ಲ. ಗಂಟೆಯ ಲೆಕ್ಕದಲ್ಲಿ ಬಾಡಿಗೆ ಏರುವ ಜಾಗದಲ್ಲಿ ಹಾಡಿನ ಚರಣ ಎಲ್ಲಿ ತಿರುಗಬೇಕೆಂದು ಚರ್ಚಿಸುತ್ತ ಕುಳಿತರೆ, ನುಡಿಸಾಣಿಕೆಯನ್ನು ತಿದ್ದಲು ಸಮಯ ಉಳಿಯುವುದಿಲ್ಲ.

ಡ್ರಮ್ಸ್

ಮೆಟಲ್ ಮುದ್ರಣ ಸಾಮಾನ್ಯವಾಗಿ ಡ್ರಮ್ಸ್‌ನಿಂದ ಶುರುವಾಗುತ್ತದೆ. ಕಿಕ್, ಸ್ನೇರ್, ಟಾಮ್‌ಗಳಿಗೆ ಒಂದೊಂದರಂತೆ ಮೈಕು, ತಾಳಗಳ ಮೇಲೆ ಎರಡು, ಕೋಣೆಯ ಅನುರಣನ ಹಿಡಿಯಲು ದೂರದಲ್ಲಿ ಇನ್ನೆರಡು. ಒಂದೇ ಪೆಟ್ಟು ಇಷ್ಟು ಮೈಕುಗಳನ್ನು ಬೇರೆ ಬೇರೆ ಕ್ಷಣಗಳಲ್ಲಿ ತಲುಪುವುದರಿಂದ ಅಲೆಗಳು ಒಂದನ್ನೊಂದು ಅಳಿಸಿಹಾಕುವ ಅಪಾಯವಿದೆ, ಆಗ ಸ್ನೇರಿನ ಸದ್ದು ಟೊಳ್ಳಾಗುತ್ತದೆ. ಮೈಕುಗಳ ಅಂತರವನ್ನು ಅಳೆದು ಸರಿಪಡಿಸುವುದರಲ್ಲೇ ದಿನಗಳು ಕಳೆಯುವುದುಂಟು. ವೇಗದ ಹಾಡಿನಲ್ಲಿ ಕಿಕ್ ಡ್ರಮ್ಮಿನ ಆಳಕ್ಕಿಂತ ಪೆಡಲ್ಲಿನ ಸುತ್ತಿಗೆ ಚರ್ಮಕ್ಕೆ ತಾಗುವ ಚಿಟಿಕೆಯಂಥ ಸದ್ದೇ ಹೆಚ್ಚು ಬೇಕಾಗುತ್ತದೆ, ಇಲ್ಲವಾದರೆ ಬಡಿತಗಳೆಲ್ಲ ಕಲಸಿಹೋಗುತ್ತವೆ. ಟೇಪಿನ ಕಾಲದಲ್ಲಿ ಕೆಟ್ಟ ಪೆಟ್ಟನ್ನು ಕಂಪ್ಯೂಟರಿನಲ್ಲಿ ಎಳೆದು ಕೂರಿಸುವ ಅನುಕೂಲವಿರಲಿಲ್ಲ. ಮತ್ತೆ ನುಡಿಸಬೇಕಿತ್ತು, ಅಥವಾ ಎರಡು ಟೇಕ್‌ಗಳ ಟೇಪನ್ನು ಬ್ಲೇಡಿನಿಂದ ಕತ್ತರಿಸಿ ಅಂಟಿಸಬೇಕಿತ್ತು.

ಗಿಟಾರ್

ಆಲ್ಬಮ್ಮಿನ ಹೃದಯ ಇಲ್ಲಿದೆ. ಬಹುತೇಕ ತಂಡಗಳಲ್ಲಿ ಗಿಟಾರ್ ಡ್ರಮ್ಸನ್ನು ಹಿಂಬಾಲಿಸಿದರೆ, ಮೆಟಾಲಿಕಾದಲ್ಲಿ ಲಯದ ಹಿಡಿತ ಇರುವುದು ಹೆಟ್‌ಫೀಲ್ಡ್ ಅವರ ಬಲಗೈಯಲ್ಲಿ. ಶೀರ್ಷಿಕೆ ಗೀತೆಯ ಲಯ ನಿಮಿಷಕ್ಕೆ 210 ಬಡಿತಗಳ ಆಸುಪಾಸು. ಬಡಿತಕ್ಕೆ ಎರಡರಂತೆ, ಅಂದರೆ ಸೆಕೆಂಡಿಗೆ ಏಳರಷ್ಟು ಮೀಟುಗಳು. ಪಿಕ್ಕನ್ನು ಮೇಲೆ ಕೆಳಗೆ ಆಡಿಸಿದರೆ ಇದು ಸುಲಭ. ಹೆಟ್‌ಫೀಲ್ಡ್ ಎಲ್ಲವನ್ನೂ ಕೆಳಮುಖವಾಗಿಯೇ ಮೀಟುತ್ತಾರೆ. ಪ್ರತಿ ಮೀಟಿಗೂ ಒಂದೇ ತೂಕ, ಒಂದೇ ಒರಟು ಅಂಚು ಬರುವುದು ಆ ಕಾರಣಕ್ಕೆ. ಅಂಗೈಯ ಅಂಚನ್ನು ತಂತಿಗೆ ತಾಗಿಸಿ ನಾದವನ್ನು ಮೊಟಕುಗೊಳಿಸುವ ಕ್ರಮವೂ ಅದಕ್ಕೆ ಸೇರಿದಾಗ ಗಿಟಾರು ತಂತಿವಾದ್ಯವಾಗಿದ್ದೂ ತಾಳವಾದ್ಯದ ಕೆಲಸ ಮಾಡುತ್ತದೆ.

ನಾದದ ಮೂಲ ಮೆಸಾ ಬೂಗಿ ಕಂಪನಿಯ ಮಾರ್ಕ್ ಟು ಸಿ ಪ್ಲಸ್ ಆಂಪ್. ಅದರ ಪ್ರೀಆಂಪ್ ಭಾಗವನ್ನು ಮಾರ್ಷಲ್ ಆಂಪಿನ ಪವರ್ ಭಾಗಕ್ಕೆ ಜೋಡಿಸಿ ಬಳಸಲಾಯಿತು. ಡಿಸ್ಟಾರ್ಷನ್ ಎಂಬುದು ಧ್ವನಿಯ ಅಲೆಯ ತುದಿಗಳನ್ನು ಕತ್ತರಿಸಿ ಹೊಸ ಸ್ವರಾಂಶಗಳನ್ನು ಹುಟ್ಟಿಸುವ ಕ್ರಿಯೆ. ಅದು ಮೆಲ್ಲನೆಯ ಸದ್ದನ್ನೂ ಜೋರಿನ ಮಟ್ಟಕ್ಕೆ ಏರಿಸುವುದರಿಂದ ಬೆರಳು ತಪ್ಪಿ ತಾಗಿದ ಪಕ್ಕದ ತಂತಿಯೂ ಕಿರುಚುತ್ತದೆ. ಡಿಸ್ಟಾರ್ಷನ್ ತಪ್ಪುಗಳನ್ನು ಮುಚ್ಚುತ್ತದೆ ಎಂದು ನಂಬಿದ ಹೊಸಬರಿಗೆ ಸ್ಟುಡಿಯೋದ ಸ್ಪೀಕರುಗಳು ಮೊದಲ ದಿನವೇ ಸತ್ಯ ತಿಳಿಸುತ್ತವೆ.

ಒಂದೇ ಭಾಗವನ್ನು ಹೆಟ್‌ಫೀಲ್ಡ್ ಬೇರೆ ಬೇರೆ ಟ್ರ್ಯಾಕುಗಳಲ್ಲಿ ಎರಡು ಬಾರಿ, ಕೆಲವೆಡೆ ಇನ್ನೂ ಹೆಚ್ಚು ಬಾರಿ ನುಡಿಸಿದರು. ಒಂದು ಎಡ ಸ್ಪೀಕರಿಗೆ, ಇನ್ನೊಂದು ಬಲಕ್ಕೆ. ಒಂದೇ ಮುದ್ರಣವನ್ನು ನಕಲು ಮಾಡಿ ಎರಡೂ ಕಡೆ ಹಾಕಿದರೆ ಕಿವಿಗೆ ಅದು ನಡುವಿನಿಂದ ಬಂದ ಒಂದೇ ಸದ್ದು. ಎರಡು ಸಲ ನುಡಿಸಿದಾಗ ಮಾತ್ರ ಕೂದಲೆಳೆಯ ವ್ಯತ್ಯಾಸಗಳು ಸೇರಿ ಅಗಲ ಹುಟ್ಟುತ್ತದೆ. ಒಂದೇ ಕೀರ್ತನೆಯನ್ನು ಇಬ್ಬರು ಕೂಡಿ ಹಾಡಿದಾಗ ಒಂದು ಕಂಠದಲ್ಲಿಲ್ಲದ ತುಂಬುತನ ಬರುವುದಲ್ಲ, ಹಾಗೆ. ವ್ಯತ್ಯಾಸ ಕೂದಲೆಳೆಯನ್ನು ದಾಟಿದರೆ ಎಲ್ಲವೂ ಕೆಸರು. ರಿದಮ್ ಗಿಟಾರುಗಳನ್ನೆಲ್ಲ ಒಬ್ಬರೇ ನುಡಿಸಿದ್ದರ ಗುಟ್ಟು ಇದೇ: ಇಬ್ಬರು ವಾದಕರ ಬಲಗೈಗಳು ಎಷ್ಟೇ ನುರಿತಿದ್ದರೂ ಇಷ್ಟು ಹತ್ತಿರಕ್ಕೆ ಬರುವುದು ಕಷ್ಟ. ‘ಬ್ಯಾಟರಿ’ ಹಾಡಿನ ಆರಂಭದಲ್ಲಿ ಅಕೂಸ್ಟಿಕ್ ಗಿಟಾರುಗಳು ಪದರ ಪದರವಾಗಿ ಏರಿ, ಬಳಿಕ ಅದೇ ಸ್ವರಗಳು ಎಲೆಕ್ಟ್ರಿಕ್ ಗಿಟಾರಿನಲ್ಲಿ ಸ್ಫೋಟಿಸುವುದನ್ನು ಕೇಳಿದರೆ ಈ ವಿಧಾನದ ಪೂರ್ಣ ಶಕ್ತಿ ಅರಿವಾಗುತ್ತದೆ.

ಸೋಲೋಗಳಲ್ಲಿ ಹೆಚ್ಚಿನವು ಹ್ಯಾಮೆಟ್ ಅವರದು. ಶೀರ್ಷಿಕೆ ಗೀತೆಯ ನಡುವೆ ಬರುವ ನಿಧಾನಗತಿಯ ಮೊದಲ ಸೋಲೋ ಮಾತ್ರ ಹೆಟ್‌ಫೀಲ್ಡ್ ಅವರದು. ನಂತರದ ವೇಗದ ಸೋಲೋದಲ್ಲಿ ಹ್ಯಾಮೆಟ್ ತಂತಿಯನ್ನು ಎಳೆದಾಗ ಅದು ಫ್ರೆಟ್ ಹಲಗೆಯಿಂದ ಹೊರಕ್ಕೆ ಜಾರಿ ವಿಚಿತ್ರ ಸ್ವರವೊಂದು ಹೊರಟಿತು. ಅಷ್ಟು ಕಟ್ಟುನಿಟ್ಟಿನ ಮುದ್ರಣದಲ್ಲೂ ಅದನ್ನು ಅಳಿಸದೆ ಉಳಿಸಿಕೊಂಡರು, ಮತ್ತು ಅದು ಸರಿಯಾದ ತೀರ್ಮಾನ.

ಬಾಸ್

ಬಾಸ್ ವಾದಕ ಕ್ಲಿಫ್ ಬರ್ಟನ್ ಪಿಕ್ ಬಳಸದೆ ಬೆರಳುಗಳಿಂದ ನುಡಿಸುತ್ತಿದ್ದರು. ‘ಡ್ಯಾಮೇಜ್, ಇಂಕ್.’ ಹಾಡಿನ ಆರಂಭದ ಮೋಡದಂಥ ನಾದ ಅವರ ಬಾಸ್ ಪದರಗಳಿಂದಲೇ ಆದದ್ದು. ಎಂಟೂವರೆ ನಿಮಿಷದಷ್ಟಿರುವ, ಸಾಹಿತ್ಯವಿಲ್ಲದ ‘ಓರಿಯನ್’ ಅವರ ಪ್ರತಿಭೆಯ ಎತ್ತರ. ಅಲ್ಲಿ ಬಾಸ್ ಬೆನ್ನೆಲುಬಾಗಿ ನಿಲ್ಲುವುದರ ಜೊತೆಗೆ ತಾನೇ ರಾಗವನ್ನೂ ನಡೆಸುತ್ತದೆ. ಆಲ್ಬಮ್ ಬಂದು ಏಳು ತಿಂಗಳು ತುಂಬುವ ಮೊದಲೇ, 1986ರ ಸೆಪ್ಟೆಂಬರ್ 27ರಂದು, ಸ್ವೀಡನ್ನಿನಲ್ಲಿ ತಂಡದ ಬಸ್ಸು ಉರುಳಿ ಬರ್ಟನ್ ತೀರಿಕೊಂಡರು. ಅವರಿಗೆ ಆಗ 24 ವರ್ಷ.

ಮಿಕ್ಸಿಂಗ್ ಮತ್ತು ಮಾಸ್ಟರಿಂಗ್

ಮಿಕ್ಸಿಂಗ್ ಮಾಡಿದವರು ಜರ್ಮನಿಯ ಮೈಕೆಲ್ ವಾಗೆನರ್, ಲಾಸ್ ಏಂಜಲೀಸಿನ ಅಮಿಗೊ ಸ್ಟುಡಿಯೋದಲ್ಲಿ. ಮೆಟಲ್ ಮಿಕ್ಸಿಂಗಿನ ಮೂಲ ಸಮಸ್ಯೆ ಜಾಗದ್ದು. ಬಾಸ್ ಗಿಟಾರಿನ ಅತಿ ಕೆಳಗಿನ ತಂತಿ ಸುಮಾರು 41 ಹರ್ಟ್ಸ್‌ನಲ್ಲಿ ಕಂಪಿಸುತ್ತದೆ, ಗಿಟಾರಿನದು ಸುಮಾರು 82ರಲ್ಲಿ. ಕಿಕ್ ಡ್ರಮ್ಮಿನ ಭಾರವೂ ಇದೇ ವಲಯದಲ್ಲಿದೆ. ಮೂರನ್ನೂ ದೊಡ್ಡದು ಮಾಡಿದರೆ ಯಾವುದೂ ಕೇಳುವುದಿಲ್ಲ. ಗಿಟಾರಿನ ತಳವನ್ನು ಕೊಂಚ ಕತ್ತರಿಸಿ ಬಾಸಿಗೆ ಬಿಡಬೇಕು. ಗಿಟಾರನ್ನು ಒಂಟಿಯಾಗಿ ಕೇಳಿದಾಗ ತೆಳುವೆನಿಸಿದರೂ ಬಾಸಿನೊಡನೆ ಸೇರಿದಾಗ ಅದೇ ಗಿಟಾರು ಬೆಟ್ಟದಂತೆ ನಿಲ್ಲುತ್ತದೆ.

ಈ ಸಮತೋಲ ತಪ್ಪಿದರೆ ಏನಾಗುತ್ತದೆಂಬುದಕ್ಕೆ ಇದೇ ತಂಡದ 1988ರ ಅಂಡ್ ಜಸ್ಟಿಸ್ ಫಾರ್ ಆಲ್ ಸಾಕ್ಷಿ. ನುಡಿಸಾಣಿಕೆ ಇನ್ನಷ್ಟು ಕರಾರುವಾಕ್ಕಾಗಿದ್ದರೂ ಅದರಲ್ಲಿ ಬಾಸ್ ಬಹುತೇಕ ಕೇಳಿಸುವುದೇ ಇಲ್ಲ. 2008ರ ಡೆತ್ ಮ್ಯಾಗ್ನೆಟಿಕ್‌ನದು ಬೇರೆ ದೋಷ: ಮಟ್ಟವನ್ನು ಮಿತಿಮೀರಿ ಏರಿಸಿದ್ದರಿಂದ ಧ್ವನಿಯೇ ಒಡೆದು, ಅಭಿಮಾನಿಗಳು ಮರುಮಾಸ್ಟರಿಂಗಿಗೆ ಬೇಡಿಕೆಯಿಟ್ಟರು.

ಮಾಸ್ಟರ್ ಆಫ್ ಪಪೆಟ್ಸ್‌ನ ಮಾಸ್ಟರಿಂಗ್ ಜಾರ್ಜ್ ಮರಿನೊ ಅವರದು. ಅವರ ಕೈಗೆ ಬಂದದ್ದು ಎಲ್.ಪಿ. ತಟ್ಟೆಯ ಒಂದೊಂದು ಬದಿಗೆ 27 ನಿಮಿಷಗಳಷ್ಟು ಸಂಗೀತ. ತಟ್ಟೆಯ ಬದಿ ಸುಮಾರು 22 ನಿಮಿಷ ದಾಟಿದರೆ ಗೀರುಗಳನ್ನು ಒತ್ತೊತ್ತಾಗಿ ಕೊರೆಯಬೇಕಾಗುತ್ತದೆ. ಆಗ ಧ್ವನಿಯ ಮಟ್ಟವನ್ನೂ ತಳದ ಭಾರವನ್ನೂ ತಗ್ಗಿಸದೆ ವಿಧಿಯಿಲ್ಲ. ಮುಂದೆ ಬ್ರಿಟನ್ನಿನಲ್ಲಿ ಎರಡು ತಟ್ಟೆಗಳ ಆವೃತ್ತಿ ಬಂದದ್ದರಲ್ಲಿ ಅರ್ಥವಿದೆ.

ಪ್ರಭಾವ

ರೇಡಿಯೋ ಪ್ರಸಾರದ ಬಲವಿಲ್ಲದೆಯೇ ಆಲ್ಬಮ್ ಬಿಲ್‌ಬೋರ್ಡ್ ಪಟ್ಟಿಯಲ್ಲಿ 29ನೆಯ ಸ್ಥಾನ ಮುಟ್ಟಿತು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ರಾಷ್ಟ್ರೀಯ ಧ್ವನಿಮುದ್ರಣ ದಾಖಲೆಗೆ 2015ರ ಸಾಲಿನಲ್ಲಿ ಇದನ್ನು ಸೇರಿಸಿತು. ಆ ಗೌರವ ಪಡೆದ ಮೊದಲ ಮೆಟಲ್ ಆಲ್ಬಮ್ ಇದು. 2022ರಲ್ಲಿ ಸ್ಟ್ರೇಂಜರ್ ಥಿಂಗ್ಸ್ ಸರಣಿಯಲ್ಲಿ ಬಳಕೆಯಾದ ಮೇಲೆ ಶೀರ್ಷಿಕೆ ಗೀತೆ ಹೊಸ ಪೀಳಿಗೆಯನ್ನು ತಲುಪಿತು.

ಕರ್ನಾಟಕದಲ್ಲಿ ಮೆಟಲ್ ಕೇಳುಗರ ನೆಲೆ ಬೆಂಗಳೂರು. ಕ್ರಿಪ್ಟೋಸ್ ತಂಡ ಇಲ್ಲಿ 1998ರಿಂದ ಕ್ರಿಯಾಶೀಲವಾಗಿದೆ. ಮೆಟಾಲಿಕಾ 2011ರ ಅಕ್ಟೋಬರ್ 30ರಂದು ಅರಮನೆ ಮೈದಾನದಲ್ಲಿ ಕಛೇರಿ ನೀಡಿತು. ಈಗ ನಮ್ಮ ಹುಡುಗ ಹುಡುಗಿಯರು ಮನೆಯ ಕೋಣೆಯಲ್ಲೇ ಲ್ಯಾಪ್‌ಟಾಪಿನಲ್ಲಿ ಡ್ರಮ್ಸ್ ಪ್ರೋಗ್ರಾಂ ಮಾಡಿ, ಆಂಪಿನ ಬದಲು ಸಾಫ್ಟ್‌ವೇರ್ ಬಳಸಿ ಆಲ್ಬಮ್ ಮುಗಿಸಬಲ್ಲರು. ಸಾಧನಗಳ ಕೊರತೆ ಇನ್ನಿಲ್ಲ. ಇಂಥ ಕೆಲಸಕ್ಕೆ ಇಳಿಯುವವರು ಆಲ್ಬಮ್ಮಿನ 2017ರ ವಿಸ್ತೃತ ಆವೃತ್ತಿಯನ್ನು ಹುಡುಕಿ ಕೇಳಬೇಕು. ಅದರಲ್ಲಿ 1985ರ ಬೇಸಿಗೆಯ ಡೆಮೊಗಳೂ ಮುದ್ರಣದ ನಡುವಿನ ಕಚ್ಚಾ ಮಿಕ್ಸ್‌ಗಳೂ ಇವೆ. ಒಂದೇ ಹಾಡನ್ನು ಮೂರು ಹಂತಗಳಲ್ಲಿ, ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು, ಎಡ ಬಲ ಗಿಟಾರುಗಳನ್ನು ಬಿಡಿಬಿಡಿಯಾಗಿ ಗಮನಿಸುತ್ತ ಕೇಳಿ.