ಲಕ್ಷ್ಯವೂ ಲಕ್ಷಣವೂ: ನಮ್ಮ ಸೀಮೆಯ ಕನ್ನಡವನ್ನು ಕುರಿತು

ವ್ಯಾಕರಣವು ಭಾಷೆಯನ್ನು ಆಳತಕ್ಕದ್ದೋ, ಅಥವಾ ಲೋಕದಲ್ಲಿ ನಡೆಯುವ ಪ್ರಯೋಗವನ್ನು ಕಂಡು ಹೇಳತಕ್ಕದ್ದೋ ಎಂಬುದು ಪುರಾತನವಾದ ಚರ್ಚೆ. ಗಡಿಗೆ ಬೇಕಾದವನು ಕುಂಬಾರನ ಮನೆಗೆ ಹೋಗುವಂತೆ ಶಬ್ದ ಬೇಕಾದವನು ವೈಯಾಕರಣನ ಮನೆಗೆ ಹೋಗುವುದಿಲ್ಲವೆಂದು ಪತಂಜಲಿ ಮಹರ್ಷಿಗಳು ಮಹಾಭಾಷ್ಯದಲ್ಲಿ ವಿವರಿಸಿರುವರು. ವಚನಗಳನ್ನು ಓದಿಸುವ, ಓಲೆಗಳನ್ನು ಕಾಪಾಡುವ ಹೊಣೆಯುಳ್ಳ ಮಠಗಳಿಗೆ ಈ ವಿಚಾರವು ಕೇವಲ ಪಂಡಿತರ ವಿನೋದವಲ್ಲ.

ನಮ್ಮ ಸೀಮೆಯ ಊರೊಂದರ ಹೆಸರನ್ನೇ ನೋಡಬಹುದು. ಕೃಷ್ಣರಾಜಪೇಟೆ ತಾಲ್ಲೂಕಿನ ಹೊಸಹೊಳಲು, ಹೊಯ್ಸಳರ ಕಾಲದ ಲಕ್ಷ್ಮೀನಾರಾಯಣ ದೇವಾಲಯದಿಂದ ಪ್ರಸಿದ್ಧವಾದುದು. ಹಳಗನ್ನಡದಲ್ಲಿ ‘ಪೊಸ’ ಎಂದರೆ ಹೊಸದು, ‘ಪೊೞಲ್’ ಎಂದರೆ ಪಟ್ಟಣ. ಪಕಾರವು ಹಕಾರವಾಯಿತು, ೞಕಾರವು ಳಕಾರದಲ್ಲಿ ಲೀನವಾಯಿತು. ಪಾಂಡವಪುರ ತಾಲ್ಲೂಕಿನ ತೊಂಡನೂರು ಹಾಗೆಯೇ ಜನರ ಬಾಯಲ್ಲಿ ತೊಣ್ಣೂರಾಯಿತು. ಇವುಗಳಿಗೆ ಯಾವ ವೈಯಾಕರಣನೂ ಅಪ್ಪಣೆ ಕೊಟ್ಟವನಲ್ಲ.

ಹೊಸಹೊಳಲಿನ ದೇವಾಲಯವೆದ್ದ ಶತಮಾನದಲ್ಲಿಯೇ, ಕ್ರಿ. ಶ. 1260ರ ಸುಮಾರಿಗೆ, ಕೇಶಿರಾಜನು ಶಬ್ದಮಣಿದರ್ಪಣವನ್ನು ರಚಿಸಿದನು. ಆತನು ಪೂರ್ವಕವಿಗಳ ಹೆಸರುಗಳನ್ನು ಹೇಳಿ, ಅವರ ಮಾರ್ಗವೇ ತನಗೆ ಲಕ್ಷ್ಯವೆಂದು ಸಾರಿ, ಸೂತ್ರಸೂತ್ರಕ್ಕೂ ಪ್ರಯೋಗಗಳನ್ನು ಕೊಡುತ್ತಾನೆ. ಆದುದರಿಂದ ಆತನ ಶಾಸ್ತ್ರವೂ ಬಳಕೆಯಿಂದ ಹುಟ್ಟಿದುದೇ. ಆದರೆ ಆ ಬಳಕೆಯು ಹಿಂದಿನ ಕವಿಗಳದು. ೞಕಾರವುಳ್ಳ ಶಬ್ದಗಳನ್ನು ಆತನು ಪಟ್ಟಿಮಾಡಿ ಕೊಡಬೇಕಾಯಿತು. ನಾಲಗೆಗೆ ತಾನಾಗಿಯೇ ತಿಳಿದಿದ್ದರೆ ಪಟ್ಟಿಯೇಕೆ? ಆತನಿಗಿಂತ ಮುಂಚಿನ ಹರಿಹರಕವಿಯು ಆ ಭೇದವನ್ನು ಬಿಗಿಯಾಗಿ ಪಾಲಿಸಲಿಲ್ಲ. ಅದರಿಂದ ಹರಿಹರನ ಭಕ್ತಿರಸಕ್ಕೆ ಕುಂದುಂಟಾಯಿತೆ? ಇಲ್ಲ. ಕೇಶಿರಾಜನ ಶ್ರಮವು ವ್ಯರ್ಥವಾಯಿತೆ? ಅದೂ ಇಲ್ಲ. ಆ ಪಟ್ಟಿಯು ಇಂದಿಗೂ ಹಳಗನ್ನಡವನ್ನು ಓದುವವರ ಕೈದೀವಿಗೆ.

1604ರಲ್ಲಿ ಭಟ್ಟಾಕಳಂಕನು ಸಂಸ್ಕೃತ ಸೂತ್ರಗಳಲ್ಲಿ ಕರ್ಣಾಟಕ ಶಬ್ದಾನುಶಾಸನವನ್ನು ಬರೆದು ಕನ್ನಡದ ಗೌರವವನ್ನು ಎತ್ತಿಹಿಡಿದನು. ಅದೇ ಶತಮಾನದ ಕೊನೆಯಲ್ಲಿ ಶ್ರೀರಂಗಪಟ್ಟಣದಲ್ಲಿ ಆಳುತ್ತಿದ್ದ ಚಿಕ್ಕದೇವರಾಜ ಒಡೆಯರ (1673–1704) ಆಶ್ರಯದಲ್ಲಿ ಸಂಚಿಯ ಹೊನ್ನಮ್ಮನು ಹದಿಬದೆಯ ಧರ್ಮವನ್ನು ಹಾಡಿದಳು. ಆಕೆ ಆರಿಸಿಕೊಂಡುದು ದೇಸಿಯ ಸಾಂಗತ್ಯವನ್ನು, ಕೇಳುವವರಿಗೆ ತಿಳಿಯುವ ನುಡಿಯನ್ನು. 1911ರಲ್ಲಿ ಧಾರವಾಡದಲ್ಲಿ ಕನ್ನಡ ಮಾತು ತಲೆಯೆತ್ತುವ ಬಗೆಯನ್ನು ಕುರಿತು ಉಪನ್ಯಾಸಮಾಡಿದ ಬಿ. ಎಂ. ಶ್ರೀಕಂಠಯ್ಯನವರೂ ನಮ್ಮ ನಾಗಮಂಗಲ ಸೀಮೆಯ ಬೆಳ್ಳೂರು ಮನೆತನದವರೆಂಬುದು ಸಂತೋಷದ ಸಂಗತಿ.

ಇನ್ನು ನಮ್ಮ ಹೃದಯಕ್ಕೆ ಸಮೀಪವಾದ ವಿಷಯ. ಶರಣರು ಹನ್ನೆರಡನೆಯ ಶತಮಾನದಲ್ಲಿ ಜನರ ಮಾತಿನಲ್ಲಿಯೇ ಅನುಭಾವವನ್ನು ನುಡಿದರು. ಆದರೆ ನಮಗೆ ಉಳಿದಿರುವ ಓಲೆಗಳು ಅವರ ಕೈಬರಹವಲ್ಲ. ಬಹುಕಾಲದ ಮೇಲೆ ಭಕ್ತರು ಪ್ರತಿಮಾಡಿದವು. ಪ್ರತಿಕಾರನ ಕಾಲದ ರೂಪಗಳೂ ಅವುಗಳಲ್ಲಿ ಸೇರಿರುವುವು. ಇದನ್ನು ಕಂಡು ಸೂತ್ರವನ್ನು ಹಿಡಿದು ವಚನವನ್ನು ತಿದ್ದುವೆನೆನ್ನುವುದು ಅವಿವೇಕ. ಓಲೆಯಲ್ಲಿರುವುದನ್ನು ಇದ್ದಂತೆ ಉಳಿಸಿ, ಪಾಠಭೇದವನ್ನು ಬೇರೆಯಾಗಿ ತೋರಿಸುವುದೇ ಧರ್ಮ.

ಹಾಗಾದರೆ ನಿಯಮವೇ ಬೇಡವೆ? ಬೇಕು. ನಮ್ಮ ಹಳ್ಳಿಗಳಿಂದ ಪಾಠಶಾಲೆಗೆ ಬರುವ ಬಾಲಕನು ‘ಹಾಲು’ ಎಂಬುದನ್ನು ‘ಆಲು’ ಎನ್ನುತ್ತಾನೆ, ‘ಹಳ್ಳಿ’ಯನ್ನು ‘ಅಳ್ಳಿ’ ಎನ್ನುತ್ತಾನೆ. ಈ ಲೇಖಕನೂ ಬಹುಕಾಲ ಅಂತಹ ಬಾಲಕರನ್ನು ಗದರಿಸಿದವನೇ. ಪಾಲ್ ಎಂಬುದು ಹಾಲಾದಾಗ ಹಿಂದಿನ ಉಪಾಧ್ಯಾಯರೂ ಹೀಗೆಯೇ ಗದರಿಸಿರಬಹುದಲ್ಲವೆ ಎಂದು ಒಂದು ದಿನ ಹೊಳೆಯಿತು, ನಾಚಿಕೆಯಾಯಿತು. ಅಂದಿನಿಂದ ಮನೆಯ ಮಾತನ್ನು ತಪ್ಪೆನ್ನುವುದನ್ನು ಬಿಟ್ಟು, ಬರವಣಿಗೆಯ ರೂಪ ಇದೆಂದು ಕಲಿಸುತ್ತ ಬಂದಿರುವೆನು. ಬೀದರಿನವನೂ ನಾಗಮಂಗಲದವನೂ ಒಂದೇ ಪುಸ್ತಕವನ್ನು ಓದಬೇಕಾದರೆ ಸಮಾನವಾದ ಬರಹವಿರಲೇಬೇಕು. ಆದರೆ ಅದು ಒಪ್ಪಂದ, ಕುಲಗೌರವವಲ್ಲ. ಆಡುಮಾತಿನವನನ್ನು ಕೀಳೆಂದು ಎಣಿಸುವುದಕ್ಕೆ ಆಧಾರವೂ ಅಲ್ಲ.

ಲಕ್ಷ್ಯವು ಮುಂದೆ, ಲಕ್ಷಣವು ಹಿಂದೆ: ಇದು ಕ್ರಮ. ಹಿಂದೆ ಬಂದ ಲಕ್ಷಣವು ಕಿರಿಯರಿಗೆ ದಾರಿತೋರಿಸಲಿ, ಬಾಯಿಕಟ್ಟದಿರಲಿ. ಜನರ ನುಡಿಯನ್ನೇ ಶಿವಾನುಭವಕ್ಕೆ ಪಾತ್ರೆಯಾಗಿ ಮಾಡಿದ ಶರಣರ ಮಕ್ಕಳಾದ ನಮಗೆ ಇದಕ್ಕಿಂತ ಬೇರೆ ಮಾರ್ಗವಿಲ್ಲ.