ಪರಮಾಣುವಿನ ಗುಂಡು ಎಷ್ಟು ದಪ್ಪ?

ದೆಹಲಿಯ ನಮ್ಮ ಕನ್ನಡ ಮನೆಗಳಲ್ಲಿ ರಸಾಯನಶಾಸ್ತ್ರವನ್ನೋ ಜೀವವಿಜ್ಞಾನವನ್ನೋ ಓದುವ ಮಕ್ಕಳಿಗೆ ಅಣುವಿನ ಚಿತ್ರ ಬಿಡಿಸಿಕೊಡುವುದು ಈಗ ಕಂಪ್ಯೂಟರಿನ ಕೆಲಸ. ಹೌಜ್ ಖಾಸಿನ ಐ.ಐ.ಟಿ.ಯಲ್ಲಂತೂ ಪ್ರೋಟೀನುಗಳ ರಚನೆಯನ್ನು ಲೆಕ್ಕಹಾಕುವ ಸೂಪರ್‌ಕಂಪ್ಯೂಟರ್ ಕೇಂದ್ರವೇ 2002ರಿಂದ ಇದೆ. ಒಂದೇ ಪ್ರೋಟೀನನ್ನು ತೆರೆಯ ಮೇಲೆ ಕಡ್ಡಿಗಳಾಗಿ, ರಿಬ್ಬನ್ನಾಗಿ ಅಥವಾ ಗುಂಡುಗಳಾಗಿ ನೋಡಬಹುದು; ಗುಂಡುಗಳನ್ನು ಬೇಕಾದಂತೆ ಹಿಗ್ಗಿಸಬಹುದು, ಕುಗ್ಗಿಸಬಹುದು. ಇದೆಲ್ಲ ಬರಿಯ ಅಲಂಕಾರವೆಂದು ತೋರುವುದು ಸಹಜ. ಆದರೆ ಈ ಗುಂಡಿನ ಗಾತ್ರದ ಪ್ರಶ್ನೆಯ ಮೇಲೆಯೇ ಒಮ್ಮೆ ಮದರಾಸಿಗೂ ಕೇಂಬ್ರಿಜ್ಜಿಗೂ ದೊಡ್ಡ ವಾದ ನಡೆದಿತ್ತು.

ಬಣ್ಣಗಳ ಕಥೆ ಇದಕ್ಕಿಂತ ಹಳೆಯದು. 1865ರಲ್ಲಿ ಹಾಫ್‌ಮನ್ ಎಂಬ ಜರ್ಮನ್ ರಸಾಯನಜ್ಞ ಕ್ರೋಕೆ ಆಟದ ಚೆಂಡುಗಳಿಗೆ ಬಣ್ಣ ಬಳಿದು, ಕಡ್ಡಿಗಳಿಂದ ಜೋಡಿಸಿ, ಲಂಡನ್ನಿನ ಉಪನ್ಯಾಸವೊಂದರಲ್ಲಿ ತೋರಿಸಿದ. ಇಂಗಾಲ ಕಪ್ಪು, ಜಲಜನಕ ಬಿಳಿ, ಆಮ್ಲಜನಕ ಕೆಂಪು, ಸಾರಜನಕ ನೀಲಿ. ಇಂದಿನ ತೆರೆಯ ಮೇಲೂ ಹೆಚ್ಚುಕಡಿಮೆ ಅವೇ ಬಣ್ಣಗಳು. ಆದರೆ ಅವನ ಚೆಂಡಿನ ಗಾತ್ರಕ್ಕೂ ಪರಮಾಣುವಿನ ಗಾತ್ರಕ್ಕೂ ಸಂಬಂಧವಿರಲಿಲ್ಲ.

ಗಾತ್ರವನ್ನು ಗಂಭೀರವಾಗಿ ತೆಗೆದುಕೊಂಡವರಲ್ಲಿ ಜಿ. ಎನ್. ರಾಮಚಂದ್ರನ್ ಪ್ರಮುಖರು. ಹುಟ್ಟಿದ್ದು 1922ರಲ್ಲಿ, ಎರ್ನಾಕುಲಂನಲ್ಲಿ. ಅವರು ಕನ್ನಡಿಗರಲ್ಲ, ಆದರೂ ಬೆಂಗಳೂರಿಗೆ ಅವರ ಮೇಲೆ ಒಂದಿಷ್ಟು ಹಕ್ಕಿದೆ ಎಂದು ನಾವು ಹೇಳಿಕೊಂಡರೆ ತಪ್ಪಾಗದು. 1942ರಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಲು ಟಾಟಾ ಇನ್‌ಸ್ಟಿಟ್ಯೂಟಿಗೆ ಬಂದವರನ್ನು ಸಿ. ವಿ. ರಾಮನ್ನರು ಭೌತಶಾಸ್ತ್ರಕ್ಕೆ ಸೆಳೆದುಕೊಂಡರು. ಮುಂದೆ ಅವರು ಮದರಾಸು ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು.

ಅಲ್ಲಿ ಅವರು ಕೈಗೆತ್ತಿಕೊಂಡದ್ದು ಕೊಲಾಜೆನ್. ನಮ್ಮ ಚರ್ಮಕ್ಕೂ ಎಲುಬಿಗೂ ಗಟ್ಟಿತನ ಕೊಡುವ ಪ್ರೋಟೀನು ಇದು. ಮದರಾಸಿನ ಕೇಂದ್ರೀಯ ಚರ್ಮ ಸಂಶೋಧನಾಲಯದಿಂದ ಕಾಂಗರೂವಿನ ಬಾಲದ ನಾರು ದೊರೆಯಿತು. ಅದರ ಎಕ್ಸ್-ರೇ ಚಿತ್ರಗಳನ್ನಿಟ್ಟುಕೊಂಡು, ಗೋಪೀನಾಥ ಕರ್ತಾ ಅವರೊಡನೆ, 1954ರಲ್ಲಿ ಅವರು ಮೂರು ಎಳೆಗಳ ಮಾದರಿಯನ್ನು ಪ್ರಕಟಿಸಿದರು. ಮರುವರ್ಷ ಆ ಎಳೆಗಳು ಜಡೆ ಹೆಣೆದಂತೆ ಒಂದರ ಸುತ್ತ ಒಂದು ಸುತ್ತಿಕೊಂಡಿವೆ ಎಂದು ತಿದ್ದಿದರು. ಅದೇ 1955ರಲ್ಲಿ ರಿಚ್ ಮತ್ತು ಕ್ರಿಕ್ ಕೇಂಬ್ರಿಜ್ಜಿನಿಂದ ಆಕ್ಷೇಪವೆತ್ತಿದರು: ಮೂರು ಎಳೆ ಸರಿ, ಆದರೆ ಈ ಮಾದರಿಯಲ್ಲಿ ಕೆಲವು ಪರಮಾಣುಗಳು ಇರಬಾರದಷ್ಟು ಹತ್ತಿರವಾಗಿವೆ.

ಕಡ್ಡಿಗಳಿಂದ ಕಟ್ಟಿದ ಮಾದರಿಯಲ್ಲಿ ಈ ಇಕ್ಕಟ್ಟು ಕಣ್ಣಿಗೆ ಬೀಳುವುದಿಲ್ಲ. ಕಡ್ಡಿಗಳ ನಡುವೆ ಯಾವಾಗಲೂ ಜಾಗವಿರುತ್ತದೆ. ಹಾಗಾದರೆ 'ಇರಬಾರದಷ್ಟು ಹತ್ತಿರ' ಎಂದರೆ ಎಷ್ಟು? ರಾಮಚಂದ್ರನ್ನರು ವಾದಕ್ಕೆ ಪ್ರತಿವಾದ ಹೂಡಿ ಸುಮ್ಮನಾಗಲಿಲ್ಲ. ಶಶಿಶೇಖರನ್ ಮತ್ತು ರಾಮಕೃಷ್ಣನ್ ಎಂಬ ಸಹೋದ್ಯೋಗಿಗಳೊಂದಿಗೆ, ಅದುವರೆಗೆ ತಿಳಿದಿದ್ದ ಸ್ಫಟಿಕಗಳಲ್ಲಿ ಬಂಧವಿಲ್ಲದ ಪರಮಾಣುಗಳು ನಿಜವಾಗಿ ಎಷ್ಟು ಹತ್ತಿರ ಬರುತ್ತವೆಂದು ಹುಡುಕಿದರು. ಎರಡು ಇಂಗಾಲಗಳಿಗೆ ಸಾಮಾನ್ಯ ಮಿತಿ 3.2 ಆಂಗ್‌ಸ್ಟ್ರಾಮ್, ಕಟ್ಟಕಡೆಯ ಮಿತಿ 3.0. (ಒಂದು ಆಂಗ್‌ಸ್ಟ್ರಾಮ್ ಎಂದರೆ ಸೆಂಟಿಮೀಟರಿನ ಹತ್ತು ಕೋಟಿಯಲ್ಲೊಂದು ಪಾಲು.) ಪ್ರೋಟೀನಿನ ಎಳೆಯ ಪ್ರತಿ ಗಂಟಿನಲ್ಲೂ ತಿರುಗಬಲ್ಲ ಎರಡು ಕೋನಗಳಿವೆ. ಯಾವ ಯಾವ ತಿರುವಿನಲ್ಲಿ ಗುಂಡುಗಳು ಢಿಕ್ಕಿ ಹೊಡೆಯುತ್ತವೆಂದು ಲೆಕ್ಕಹಾಕಿ ನಕ್ಷೆ ಬರೆದಾಗ, ಬಹುಪಾಲು ಜಾಗ ನಿಷಿದ್ಧವೆಂದೇ ತಿಳಿಯಿತು. 1963ರಲ್ಲಿ ಪ್ರಕಟವಾದ ಆ ನಕ್ಷೆಯೇ ಇಂದು ಲೋಕವೆಲ್ಲ ಬಲ್ಲ 'ರಾಮಚಂದ್ರನ್ ಪ್ಲಾಟ್'.

ಕೊಲಾಜೆನ್ ವಿಷಯದಲ್ಲಿ ಜಯ ಯಾರದು? ಮೂರೆಳೆಯ ಜಡೆ ಮದರಾಸಿನದೇ ನಿಂತಿತು; ಎಳೆಗಳ ನಡುವಣ ಜಲಜನಕ ಬಂಧಗಳ ಎಣಿಕೆಯಲ್ಲಿ ಕೇಂಬ್ರಿಜ್ಜಿನ ಮಾತು ನಿಂತಿತು. ನಮ್ಮ ಅಭಿಪ್ರಾಯದಲ್ಲಿ ಜಗಳಕ್ಕಿಂತ ಜಗಳದಿಂದ ಹುಟ್ಟಿದ ನಕ್ಷೆಯೇ ದೊಡ್ಡದು.

1970ರ ದಶಕದ ಆರಂಭದಲ್ಲಿ ರಾಮಚಂದ್ರನ್ ಬೆಂಗಳೂರಿಗೆ ಮರಳಿ, ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಅಣು ಜೀವಭೌತ ವಿಭಾಗವನ್ನು ಕಟ್ಟಿದರು. 2001ರಲ್ಲಿ ತೀರಿಕೊಂಡರು. ಅಷ್ಟರಲ್ಲಿ ರ‍್ಯಾಸ್‌ಮಾಲ್ (1993), ಪೈಮಾಲ್ (2000) ಮುಂತಾದ ತಂತ್ರಾಂಶಗಳು ಬಂದಿದ್ದವು. ಅವುಗಳಲ್ಲಿ ಗುಂಡು-ಕಡ್ಡಿಯ ಚಿತ್ರ ತೆಗೆದಾಗ ಗುಂಡುಗಳನ್ನು ನಿಜಗಾತ್ರಕ್ಕಿಂತ ಬಹಳ ಕುಗ್ಗಿಸಿರುತ್ತಾರೆ, ಒಳಗಿನ ಜೋಡಣೆ ಕಾಣಲೆಂದು. ನಿಜಗಾತ್ರಕ್ಕೆ ಏರಿಸಿದರೆ ಜೋಡಣೆ ಮರೆಯಾಗುತ್ತದೆ; ಆದರೆ ಔಷಧದ ಅಣು ಪ್ರೋಟೀನಿನ ಸಂದಿಯಲ್ಲಿ ಹಿಡಿಸುತ್ತದೆಯೇ ಇಲ್ಲವೇ ಎಂಬುದು ಆಗಲೇ ಗೊತ್ತಾಗುವುದು.